ಇಸಾರ (ಮುಂಗಡ) ಕೊಡುವ ಮೊದಲೇ ವಕೀಲ, ಸರ್ವೆಯರ್, ಎಂಜಿನಿಯರ್: ಐದು ಗುಂಟೆ ಪ್ಲಾಟು ಕೊಟ್ಟ ಪೆಟ್ಟು

ಹುಬ್ಬಳ್ಳಿಯ ಅಂಚಿನಲ್ಲಿ ಐದು ಗುಂಟೆ ಪ್ಲಾಟು, 55 ಅಡಿ ಅಗಲ, 99 ಅಡಿ ಉದ್ದ. ಹತ್ತು ಫ್ಲ್ಯಾಟ್ ಕಟ್ಟಿ ಮಾರುವ ಲೆಕ್ಕ ಹಾಕಿ ಇಬ್ಬರು ಪಾಲುದಾರರು ಅದನ್ನು ತಗೊಂಡರು. "ಎಲ್ಲಾ ಕ್ಲಿಯರ್ ಐತ್ರಿ, ಇವತ್ತ ಇಸಾರ ಕೊಡ್ರಿ, ಬ್ಯಾರೆ ಗಿರಾಕಿ ಕಾಯ್ದು ಕುಂತಾವ" ಎಂದ ಏಜೆಂಟನೇ ವಕೀಲರನ್ನೂ ಎಂಜಿನಿಯರನ್ನೂ ಕರೆತಂದಿದ್ದ. ಎರಡು ವರ್ಷವಾಯಿತು. ಅಲ್ಲಿರುವುದು ನೀರು ತುಂಬಿದ ಗುಂಡಿ, ಮೇಲೊಂದು ಕೋರ್ಟಿನ ತಡೆಯಾಜ್ಞೆ. ವ್ಯವಹಾರ ಕುದುರಿದರೆ ಮಾತ್ರ ದುಡ್ಡು ಕಾಣುವವರು ಅದನ್ನು ಕೆಡಿಸುವ ಮಾತು ಆಡುವುದಿಲ್ಲ. ಅದಕ್ಕೇ ವಕೀಲರ, ಎಂಜಿನಿಯರರ ಫೀ ನೀವೇ ಕೊಡಬೇಕು, ಖರೀದಿ ಆಗಲಿ ಬಿಡಲಿ ಕೊಡಬೇಕು.

ವಕೀಲರು ನೋಡಿದ್ದು 15 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ), ಚಾಲ್ತಿ ಉತಾರ (ಪಹಣಿ), ಎನ್‌ಎ (ಕೃಷಿಯೇತರ ಬಳಕೆಯ) ಆದೇಶ, ಅಷ್ಟೇ. ಮಾರಿದವರ ತಂದೆ ತೀರಿದ ಮೇಲೆ ಪಿತ್ರಾರ್ಜಿತ ಹೊಲ ಗಂಡುಮಕ್ಕಳ ಹೆಸರಿಗೆ ಮಾತ್ರ ಏರಿತ್ತು. ಖರೀದಿಯಾದ ಐದನೇ ತಿಂಗಳಿಗೆ ಅವರ ಅಕ್ಕ ವಾಟ್ನಿ (ಪಾಲು ವಿಭಾಗ) ದಾವೆ ಹಾಕಿದರು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮತ್ತು 2020ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಾಯಿತ ವಾಟ್ನಿಯೋ ಕೋರ್ಟಿನ ಡಿಕ್ರಿಯೋ ಆಗಿದ್ದರೆ ಮಾತು ಬೇರೆ. ಇಸಿ ತೋರಿಸುವುದು ನೋಂದಣಿಯಾದ ಕಾಗದವನ್ನು. ಬಾಯಿಮಾತಿನ ವಾಟ್ನಿ, ನೋಂದಣಿಯಾಗದ ಮೃತ್ಯುಪತ್ರ, ಅಕ್ಕ-ತಂಗಿಯರ ತಕರಾರು ಅದರಲ್ಲಿ ಸಿಗುವುದಿಲ್ಲ. ಹಾಗಾಗಿ ಕನಿಷ್ಠ 30 ವರ್ಷದ ಇಸಿ, ಕೈಬರಹದ ಹಳೇ ಉತಾರ, ಎಲ್ಲ ಮ್ಯುಟೇಶನ್ (ಹೆಸರು ಬದಲಾವಣೆಯ ದಾಖಲೆ), ವಂಶಾವಳಿ ತರಿಸಿ, ವಂಶಾವಳಿಯ ಒಂದೊಂದು ಹೆಸರಿಗೂ ಸಹಿ ಎಲ್ಲಿದೆ ಎಂದು ವಕೀಲರು ಹುಡುಕಬೇಕು. ಜಮೀನು ಮೂಲದಲ್ಲಿ ವತನವೋ (ಹಿಂದೆ ಊರ ಸೇವೆಗೆಂದು ಕೊಟ್ಟದ್ದು), ಪರಿಶಿಷ್ಟರಿಗೆ ಮಂಜೂರಾದದ್ದೋ ಎಂಬುದನ್ನೂ ಕೆದಕಬೇಕು. ಎರಡನೆಯದಾದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದ ಖರೀದಿ ಅಸಿಂಧು, 2023ರ ತಿದ್ದುಪಡಿಯ ಮೇಲೆ ಕಾಲಮಿತಿಯ ರಕ್ಷಣೆಯೂ ಇಲ್ಲ.

ಅಳತೆ ಮಾಡಿಸಿದ್ದು ಖರೀದಿಯಾದ ಮೇಲೆ. ಹಿಂಬದಿಯ ಪ್ಲಾಟಿನವರ ಕಾಂಪೌಂಡು ಮೂರು ಅಡಿ ಒಳಗೆ ಬಂದಿತ್ತು, ಮುಂದೆ ಮಾಸ್ಟರ್ ಪ್ಲಾನಿನ ರಸ್ತೆ ಅಗಲೀಕರಣದ ಗೆರೆ ಐದು ಅಡಿ ನುಂಗಿತ್ತು. 99 ಅಡಿಯ ಉದ್ದದಲ್ಲಿ ಉಳಿದದ್ದು 91. ಸುತ್ತ ಬಿಡಬೇಕಾದ ಜಾಗ ಬಿಟ್ಟರೆ ಕೆಳಗೆ ಹತ್ತು ಕಾರು ನಿಲ್ಲುವುದಿಲ್ಲ, ಮೇಲೆ ಹತ್ತು ಫ್ಲ್ಯಾಟಿಗೆ ಪರವಾನಗಿ ಸಿಗುವುದಿಲ್ಲ. ಹದ್ದುಬಸ್ತು (ಗಡಿ ಅಳತೆ) ಮಾಡಿಸಿ ಕಲ್ಲು ನೆಡಿಸಿದ ಮೇಲೆ ಆ ಅಳತೆಯ ಮೇಲೆಯೇ ಆರ್ಕಿಟೆಕ್ಟ್ ಒಂದು ಕಚ್ಚಾ ನಕ್ಷೆ ಹಾಕಿ ಕೊಡಲಿ. ರೇಟು ಮಾತಾಡುವುದು ಆಮೇಲೆ. ಎನ್‌ಎ ಆದೇಶ ಬೇರೆ, ಹುಡಾದ (ನಗರಾಭಿವೃದ್ಧಿ ಪ್ರಾಧಿಕಾರದ) ಲೇಔಟ್ ಮಂಜೂರಾತಿ ಬೇರೆ. ಎರಡನ್ನೂ ಕೇಳಿ.

ಎಲ್ಲಕ್ಕಿಂತ ಹೆಚ್ಚು ದುಡ್ಡು ತಿಂದದ್ದು ಮಣ್ಣು. ಹುಬ್ಬಳ್ಳಿ, ನವಲಗುಂದ, ಗದಗ ಕಡೆಯ ಎರಿ (ಕಪ್ಪು ಮಣ್ಣಿನ) ಭೂಮಿ ಮಳೆಗೆ ಉಬ್ಬುತ್ತದೆ, ಬ್ಯಾಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಈ ಪ್ಲಾಟಿನಲ್ಲಿ ಎರಿಯ ಮೇಲೆ ಎರಡು ಅಡಿ ಗರಸು ಹೊಡೆದು ರೋಲರ್ ಓಡಿಸಿದ್ದರು. ಬಂದ ಎಂಜಿನಿಯರ್ ಬೂಟುಗಾಲಲ್ಲಿ ಒದ್ದು ನೋಡಿ "ಗಟ್ಟಿ ನೆಲ" ಎಂದು ಐದು ಅಡಿ ಫುಟಿಂಗಿಗೆ (ಕಂಬದ ಬುಡದ ಅಡಿಪಾಯಕ್ಕೆ) ಅಂದಾಜು ಬರೆದುಕೊಟ್ಟರು. ಅಗೆದಾಗ ಹನ್ನೊಂದು ಅಡಿಯಾದರೂ ಕಪ್ಪೇ ಬರುತ್ತಿತ್ತು. ಅಂಥಲ್ಲಿ ಗಟ್ಟಿ ಪದರದವರೆಗೆ ಇಳಿಯಬೇಕು, ಇಲ್ಲವೇ ಬುಡದ ಹತ್ತಿರ ಗಡಿಗೆಯ ಹಾಗೆ ಅಗಲವಾಗುವ ಅಂಡರ್‌ರೀಮ್ಡ್ ಪೈಲ್ (ನೆಲದೊಳಗಿನ ಕಾಂಕ್ರೀಟ್ ಕಂಬ) ಹಾಕಬೇಕು. ದಪ್ಪ ಎರಿಯಲ್ಲಿ ಅದರ ಉದ್ದ ಕನಿಷ್ಠ 3.5 ಮೀಟರ್. ಅಂದಾಜಿನಲ್ಲಿ ಇದ್ಯಾವುದೂ ಇರಲಿಲ್ಲ.

ಮಾಲೀಕರ ಒಪ್ಪಿಗೆ ಪಡೆದು ಎರಡು ಮೂಲೆ ಮತ್ತು ನಡುವೆ ಜೆಸಿಬಿಯಿಂದ ಹತ್ತು ಅಡಿ ಗುಂಡಿ ತೆಗೆಸಿ. ಅರ್ಧ ದಿನದ ಕೆಲಸ. ಆ ಮಣ್ಣನ್ನು ಪ್ರಯೋಗಾಲಯಕ್ಕೆ ಕೊಡಿ. ಅಲ್ಲಿ ಒಣಗಿಸಿ ಜರಡಿ ಹಿಡಿದ ಮಣ್ಣನ್ನು 10 ಗ್ರಾಂನಂತೆ ಎರಡು ಗಾಜಿನ ಜಾಡಿಗೆ ಹಾಕುತ್ತಾರೆ, ಒಂದರಲ್ಲಿ ನೀರು, ಇನ್ನೊಂದರಲ್ಲಿ ಚಿಮಣಿ ಎಣ್ಣೆ (ಸೀಮೆಎಣ್ಣೆ). ಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. 24 ತಾಸಿನ ಮೇಲೆ ಎಣ್ಣೆಯಲ್ಲಿ 10 ಮಿಲಿ, ನೀರಿನಲ್ಲಿ 16 ಮಿಲಿ ಇದ್ದರೆ ಉಬ್ಬು ಶೇ 60. ಶೇ 50 ದಾಟಿತೆಂದರೆ ಸಾದಾ ಫುಟಿಂಗ್ ನೆಚ್ಚಬೇಡಿ. ಇದರ ಜೊತೆಗೆ ನೆಲ ಎಷ್ಟು ಭಾರ ತಡೆಯುತ್ತದೆ ಎಂಬ ವರದಿಯನ್ನೂ ಸ್ಟ್ರಕ್ಚರಲ್ ಎಂಜಿನಿಯರ್ ಕೈಗೆ ಕೊಟ್ಟು ತಳಪಾಯದ ಖರ್ಚು ಬರೆಸಿಕೊಳ್ಳಿ. ನಕ್ಷೆ ಬರೆಯುವವರು ಕಂಬದ ಲೆಕ್ಕವನ್ನೂ ನೋಡಿಕೊಳ್ಳುತ್ತಾರೆ ಎಂದುಕೊಳ್ಳಬೇಡಿ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಜನ ಸತ್ತದ್ದನ್ನು ಈ ಊರು ಇನ್ನೂ ಮರೆತಿಲ್ಲ.

ಲೆಕ್ಕಪರಿಶೋಧಕರನ್ನು ಕೊನೆಗೆ ಕರೆಯುವುದೂ ತಪ್ಪೇ. ಐದು ಗುಂಟೆ ಎಂದರೆ ಸುಮಾರು 506 ಚದರ ಮೀಟರ್, ರೇರಾದ (ರಿಯಲ್ ಎಸ್ಟೇಟ್ ಕಾಯ್ದೆಯ) 500ರ ಗೆರೆ ದಾಟಿತು. ಫ್ಲ್ಯಾಟು ಹತ್ತು, ಎಂಟರ ಗೆರೆಯೂ ದಾಟಿತು. ರೇರಾ ನೋಂದಣಿಯಿಲ್ಲದೆ ಬುಕಿಂಗ್ ಹಣ ಮುಟ್ಟುವಂತಿಲ್ಲ. ಪಾಲುದಾರರು ಮಾತ್ರ ಆ ಹಣದಲ್ಲೇ ಸ್ಲ್ಯಾಬ್ ಹಾಕುವ ಲೆಕ್ಕದಲ್ಲಿದ್ದರು. ಇಸಾರವನ್ನು ನಗದಾಗಿ ಕೊಟ್ಟದ್ದು ಇನ್ನೊಂದು ತಲೆನೋವು. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ಮುಂಗಡವನ್ನು ನಗದಾಗಿ ಪಡೆಯುವಂತಿಲ್ಲ.

ಇಷ್ಟು ಜನ ನೋಡಿ ಮುಗಿಸಲು ಒಂದೂವರೆ ತಿಂಗಳು ಬೇಕು. ಅಲ್ಲಿಯವರೆಗೆ ಜಾಗ ಹಿಡಿದಿಡಲೇಬೇಕಾದರೆ ಚಿಕ್ಕ ಮೊತ್ತದ ಚೆಕ್ ಕೊಟ್ಟು, ಕರಾರಿನಲ್ಲಿ ಮೂರು ಸಾಲು ಬರೆಸಿ: ಹಕ್ಕಿನಲ್ಲಿ ದೋಷ ಕಂಡರೆ, ಹದ್ದುಬಸ್ತಿನಲ್ಲಿ ಜಾಗ ಕಡಿಮೆ ಬಂದರೆ, ಮಣ್ಣಿನ ವರದಿ ಒಗ್ಗದಿದ್ದರೆ ಪೂರ್ತಿ ಹಣ 15 ದಿನದೊಳಗೆ ವಾಪಸ್. ಅದೇ ವಾರ ವಕೀಲರಿಂದ ಸ್ಥಳೀಯ ಪತ್ರಿಕೆಯಲ್ಲಿ ಜಾಹೀರು ನೋಟೀಸು ಹಾಕಿಸಿ, ಸರ್ವೆ ನಂಬರು, ಚೆಕ್‌ಬಂದಿ (ನಾಲ್ಕೂ ದಿಕ್ಕಿನ ಗಡಿ) ಸಮೇತ. ತಕರಾರು ಇದ್ದವರು ಖರೀದಿ ಪತ್ರ ಆಗುವ ಮೊದಲೇ ಮುಂದೆ ಬರಲಿ.