ಮೂರು ಅಲರ್ಜಿ ಇರುವ ಕೈಗೆ ಯಾವ ಗ್ಲೌಸ್?

ಬೆನ್ನ ತುಂಬ ಪಟ್ಟಿ ಅಂಟಿಸಿಕೊಂಡು, ಬೆನ್ನಿಗೆ ನೀರು ಸೋಕಿಸದೆ ಎರಡು ದಿನ ಕಳೆದೆ. ಚರ್ಮಕ್ಕೆ ಯಾವುದರ ಅಲರ್ಜಿ ಎಂದು ಪತ್ತೆಮಾಡುವ ಪ್ಯಾಚ್ ಟೆಸ್ಟ್ ಅಂದರೆ ಅದೇ. 48 ಗಂಟೆಗೆ ಪಟ್ಟಿ ಕಿತ್ತು ನೋಡಿದರು. ಎರಡು ದಿನ ಬಿಟ್ಟು ಮತ್ತೆ ನೋಡಿದರು. ಮೂರು ಕಡೆ ಕೆಂಪಗೆ ಉಬ್ಬಿತ್ತು: ನಿಕಲ್ ಲೋಹ, ಸುವಾಸನೆಯ ಮಿಶ್ರಣ, ರಬ್ಬರ್ ತಯಾರಿಸುವಾಗ ಹಾಕುವ ಥೈಯುರಾಮ್. ಹತ್ತು ವರ್ಷದ ಕೈ ಇಸುಬು ನನ್ನದು. ಯಾರು ಏನು ಹೇಳಿದರೂ ಹಚ್ಚಿದವಳು. ಒಡೆದ ಚರ್ಮದಲ್ಲಿ ಹಚ್ಚಿದ್ದೆಲ್ಲ ಒಳಗಿಳಿಯುತ್ತದೆ, ಅಲರ್ಜಿ ಒಂದರ ಹಿಂದೆ ಒಂದು ಸೇರಿಕೊಳ್ಳುವುದೂ ಹೀಗೇ ಎಂದರು ಡಾಕ್ಟರ್.

ಪಾತ್ರೆ ತೊಳೆಯದೆ ಇರಲಾಗುತ್ತದೆಯೇ? ಗ್ಲೌಸ್ ಬೇಕೇ ಬೇಕು.

ಮೊದಲು ಹಾಕುತ್ತಿದ್ದದ್ದು ದಪ್ಪ ರಬ್ಬರ್‌ನದ್ದು. ಗಟ್ಟಿ, ಬಿಸಿನೀರಿಗೂ ಜಗ್ಗುವುದಿಲ್ಲ, ತಿಂಗಳುಗಟ್ಟಲೆ ಬರುತ್ತದೆ. ಆದರೆ ಮುಂಗೈಯಲ್ಲಿ ಅದು ಮುಗಿಯುವ ಜಾಗಕ್ಕೆ ಸರಿಯಾಗಿ, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ, ಕೆಂಪು ನಿಂತಿರುತ್ತಿತ್ತು. ಅದನ್ನು ಕಣ್ಣಾರೆ ನೋಡುತ್ತಲೇ ಪಾತ್ರೆ ಸೋಪಿನ ಮೇಲೆ ಗೂಬೆ ಕೂರಿಸಿದ್ದೆ.

ಆಮೇಲೆ ನೀಲಿ ನೈಟ್ರೈಲ್, ಅಂದರೆ ಕೃತಕ ರಬ್ಬರ್‌ನದ್ದು. ಡಬ್ಬಿ ಮೇಲೆ ‘ಲೇಟೆಕ್ಸ್ ಇಲ್ಲ’, ಅಂದರೆ ಮರದ ಹಾಲಿನ ರಬ್ಬರ್ ಇಲ್ಲ, ಅಂತ ದೊಡ್ಡದಾಗಿ ಇತ್ತು, ನಂಬಿಬಿಟ್ಟೆ. ಬೆರಳಿಗೆ ಚೆನ್ನಾಗಿ ಕೂರುತ್ತದೆ, ಸೂಜಿಗೆ ದಾರ ಪೋಣಿಸಬಹುದು. ಹತ್ತು ದಿನಕ್ಕೆ ಬೆರಳ ಸಂದಿಯಲ್ಲಿ ನವೆ ಶುರು. ಲೇಟೆಕ್ಸ್ ಅಲರ್ಜಿಯೇ ಬೇರೆ, ನನ್ನ ಥೈಯುರಾಮ್ ಅಲರ್ಜಿಯೇ ಬೇರೆ. ನೈಟ್ರೈಲ್‌ನಲ್ಲೂ ಥೈಯುರಾಮ್‌ನ ನೆಂಟರು ಇರಬಹುದಂತೆ. ಆ ರಾಸಾಯನಿಕ ಹಾಕದೆ ಮಾಡಿದ ನೈಟ್ರೈಲ್ ಕೂಡ ಸಿಗುತ್ತದೆ, ನಮ್ಮೂರಿನ ಅಂಗಡಿಯಲ್ಲಿ ಇರಲಿಲ್ಲ.

ಈಗ ವಿನೈಲ್ ಎಂಬ ಪ್ಲಾಸ್ಟಿಕ್‌ನದ್ದು, ಒಳಗೆ ಹತ್ತಿಯದ್ದು. ಮಕ್ಕಳು ಪರೇಡ್‌ಗೆ ಹಾಕುತ್ತಾರಲ್ಲ, ಆ ಬಿಳಿ ಗ್ಲೌಸ್. ಹತ್ತಿಯದ್ದೇ ಅಂತ ಕೇಳಿ ತಗೊಳ್ಳಿ. ನೋಡಲಿಕ್ಕೆ ಜೋಲು ಜೋಲು, ಸ್ಟೀಲ್ ನಾರು ತಾಗಿದರೆ ವಿನೈಲ್ ಹರಿದೇ ಹೋಗುತ್ತದೆ. ಒಳಗಿನದು ಬೆವರಿಗೆ ಒದ್ದೆಯಾದರೆ ಕೂಡಲೇ ಬದಲಿಸಬೇಕು, ಅದಕ್ಕೇ ಆರು ಜೊತೆ ಇಟ್ಟಿದ್ದೇನೆ. ಇಷ್ಟೆಲ್ಲ ಕಿರಿಕಿರಿ ಇದ್ದರೂ ನನ್ನ ಓಟು ಇದಕ್ಕೇ. ಮೂರು ವಾರಕ್ಕೆ ಮುಂಗೈ ಗೆರೆ ಮಾಯವಾಯಿತು.

ಹಚ್ಚುವುದರಲ್ಲಿ ಹೆಚ್ಚು ಯೋಚಿಸಬೇಕಾಗಲಿಲ್ಲ. ಗಿಡಮೂಲಿಕೆ ಕ್ರೀಮ್ ಮೊದಲೇ ಔಟ್. ನೈಸರ್ಗಿಕ ಪರಿಮಳವೂ ಪರಿಮಳವೇ, ಅಲ್ವಾ? ‘ಅನ್‌ಸೆಂಟೆಡ್’ ಎಂದಿದ್ದ ಲೋಷನ್‌ನಲ್ಲೂ ಬೇರೆ ವಾಸನೆ ಮುಚ್ಚಲು ಸುಗಂಧ ಹಾಕಿರಬಹುದು. ‘ಫ್ರಾಗ್ರೆನ್ಸ್ ಫ್ರೀ’ ಎಂದಿರುವುದನ್ನೇ ಹುಡುಕಬೇಕು. ಗಾಣದ ಕೊಬ್ಬರಿ ಎಣ್ಣೆ ನನಗೆ ಒಗ್ಗಿತು, ಆದರೆ ಅರ್ಧ ಗಂಟೆಗೆ ಕೈ ಮತ್ತೆ ಒಣಗುತ್ತಿತ್ತು. ಸಾದಾ ಪೆಟ್ರೋಲಿಯಂ ಜೆಲ್ಲಿ ಅಂಟಂಟು, ಫೋನಿನ ಮೇಲೆಲ್ಲ ಬೆರಳಚ್ಚು. ಆದರೂ ರಾತ್ರಿ ಅದನ್ನೇ ಹಚ್ಚಿ, ಮೇಲೆ ಹತ್ತಿ ಗ್ಲೌಸ್ ಹಾಕಿ ಮಲಗುತ್ತೇನೆ.

ನಿಕಲ್ ವಿಷಯದಲ್ಲಿ ಮಾತ್ರ ಸೋತಿದ್ದೇನೆ. ಜೀನ್ಸ್ ಗುಂಡಿಗೆ ನೇಲ್ ಪಾಲಿಶ್ ಬಳಿದೆ, ನಾಲ್ಕು ಸಲ ಒಗೆದ ಮೇಲೆ ಎದ್ದುಹೋಯಿತು. ಒಳಗಡೆಯಿಂದ ಬಟ್ಟೆ ತುಂಡು ಹೊಲಿದೆ, ಅದು ಪರವಾಗಿಲ್ಲ. ಸೀರೆಗೆ ಸಿಕ್ಕಿಸುವ ಪಿನ್ನಿಗೆ ಏನು ಮಾಡುವುದೋ ಇನ್ನೂ ಹೊಳೆದಿಲ್ಲ.