ಕಾವಿಗೆ ಕೂರಿಸುವ ಬಿದಿರ ಬುಟ್ಟಿ: ಬುಡ ನೋಡಿ ಕೊಳ್ಳಿ

ಚಿಕ್ಕಮಗಳೂರಿನ ಸಂತೆಯಲ್ಲಿ ಮೇದರು ಮಾರುವ ಬುಟ್ಟಿಗಳ ನಡುವೆ ಅಗಲ ಬಾಯಿಯ, ಗಿಡ್ಡನೆಯದೊಂದು ಇರುತ್ತದೆ. ಸೊಪ್ಪು, ತರಕಾರಿ ಹಾಕಿಡಲು ಅಂತ ಕೊಳ್ಳುವವರೇ ಹೆಚ್ಚು. ಆದರೆ ನಾಟಿ ಹ್ಯಾಟೆಯನ್ನು, ಅಂದರೆ ಹೆಣ್ಣು ಕೋಳಿಯನ್ನು, ಕಾವಿಗೆ ಕೂರಿಸಲು ಇದಕ್ಕಿಂತ ಒಳ್ಳೆಯದು ಪೇಟೆಯ ಯಾವ ಅಂಗಡಿಯಲ್ಲೂ ಇಲ್ಲ. ಟೊಮೆಟೊ ಕ್ರೇಟು, ಪ್ಲಾಸ್ಟಿಕ್ ಟಬ್ಬು, ಹಳೇ ಬಾಂಡ್ಲಿ, ಎಲ್ಲಕ್ಕಿಂತ ಇದೇ ಮೇಲು. ಬುಡ ಮಾತ್ರ ಸರಿಯಿರಬೇಕು.

ಬಾಯಿ 15-16 ಅಂಗುಲ, ಆಳ 5-6 ಅಂಗುಲ ಇರುವುದನ್ನು ಆರಿಸಿ. ಆಳ ಹೆಚ್ಚಾದರೆ ಕೋಳಿ ಅಂಚಿನಿಂದ ಮೊಟ್ಟೆಗಳ ಮೇಲೆ ಧುಮುಕುತ್ತದೆ. ಒಂದು ಒಡೆದರೂ ಅದರ ಲೋಳೆ ಉಳಿದವಕ್ಕೆ ಮೆತ್ತಿ ಚಿಪ್ಪಿನ ಸಣ್ಣ ತೂತುಗಳನ್ನು ಮುಚ್ಚುತ್ತದೆ, ಒಳಗಿನ ಮರಿಗೆ ಉಸಿರು ಕಟ್ಟುತ್ತದೆ. ಆಳ ಕಮ್ಮಿಯಾದರೆ ಹ್ಯಾಟೆ ಕೊಕ್ಕಿನಿಂದ ಹೊರಳಿಸುವಾಗ ಅಂಚಿನ ಮೊಟ್ಟೆ ಆಚೆ ಉರುಳಿ ತಣ್ಣಗಾಗುತ್ತದೆ.

ಈಗ ಬುಟ್ಟಿಯನ್ನು ಬೋರಲು ಹಾಕಿ ನೋಡಿ. ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸೀಳುಗಳು ಸರಿದಾಡುತ್ತಿದ್ದರೆ ಅದು ಹಸಿ ಬಿದಿರಿನದು. ಒಣಗಿದ ಮೇಲೆ ಸಂದಿ ಇನ್ನೂ ಅಗಲವಾಗುತ್ತದೆ. ಕಡಲೆಬೀಜ ಜಾರುವಷ್ಟು ಸಂದಿಯಿದ್ದರೂ ಬೇಡ, ಹುಲ್ಲು ಪಕ್ಕಕ್ಕೆ ಸರಿದ ದಿನ ಹೊಸ ಮರಿಯ ಕಾಲು ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಒಳಗಡೆ ಅಂಗೈ ಆಡಿಸಿ. ಕಾವಿಗೆ ಕೂತ ಕೋಳಿಯ ಎದೆಯ ಪುಕ್ಕ ಉದುರಿ ಬರೀ ಚರ್ಮ ಮೊಟ್ಟೆಗೆ ತಾಗುತ್ತಿರುತ್ತದೆ, ಶಾಖ ಹೋಗುವುದೇ ಆ ಬೋಳು ಜಾಗದಿಂದ. ಅಲ್ಲಿ ಒಂದು ಸಿಬಿರು ಚುಚ್ಚಿದರೂ ಸಾಕು, ಕೋಳಿ ಎದ್ದೆದ್ದು ಹೋಗುತ್ತದೆ. ನೇಯ್ಗೆ ಒಬ್ಬೊಬ್ಬರದು ಒಂದೊಂದು ಥರ, ಒಬ್ಬರ ಹತ್ತಿರವೇ ನಾಲ್ಕು ಬುಟ್ಟಿ ತಿರುಗಿಸಿ ನೋಡಿದರೆ ತಪ್ಪಿಲ್ಲ. ಕಾವಿಗೆ ಅಂತ ಮೊದಲೇ ಹೇಳಿದರೆ ಬುಡ ಬಿಗಿಯಾಗಿ ಹೆಣೆದುಕೊಡುವವರೂ ಇದ್ದಾರೆ. ಅದಕ್ಕೆ ಸ್ವಲ್ಪ ಹೆಚ್ಚು ಕೇಳಿದರೆ ಕೊಡಿ, ಆ ಕೆಲಸಕ್ಕೆ ಅಷ್ಟು ಬೆಲೆಯಿದೆ.

ತುಂಬುವುದು ಹೀಗೆ. ಅಡಿಗೆ ಜರಡಿ ಹಿಡಿದ ಒಲೆ ಬೂದಿ ಮತ್ತು ಒಣ ಕೆಮ್ಮಣ್ಣು ಸಮಸಮ ಬೆರೆಸಿ ಎರಡು ಅಂಗುಲ, ಮೇಲೆ ರಾಗಿ ಹುಲ್ಲು ಎರಡು ಅಂಗುಲ. ಮುಷ್ಟಿಯಿಂದ ನಡುವೆ ಒತ್ತಿ ಸಣ್ಣ ತಗ್ಗು ಮಾಡಿದರೆ ಮೊಟ್ಟೆಗಳು ತಾವೇ ಒತ್ತಾಗಿ ಸೇರುತ್ತವೆ. ತಗ್ಗು ಅತಿಯಾದರೆ ಒಂದರ ಮೇಲೊಂದು ಏರಿ ಕೆಳಗಿನವು ಕೆಡುತ್ತವೆ. ಭತ್ತದ ಹುಲ್ಲು ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಹಾಕಲೇಬೇಕಾದರೆ ಚೆನ್ನಾಗಿ ಬಿಸಿಲು ಕಂಡಿರಬೇಕು.

ಬಿದಿರು ಪ್ಲಾಸ್ಟಿಕ್ಕಿಗಿಂತ ಮೇಲು ಅನ್ನುವುದು ಇಲ್ಲೇ. ಮೂಡಿಗೆರೆ, ಕೊಪ್ಪದ ಕಡೆ ಜುಲೈ ಮಳೆಯಲ್ಲಿ ಪ್ಲಾಸ್ಟಿಕ್ ಟಬ್ಬಿನ ತಳ ಬೆವರಿ ಹುಲ್ಲು ಒದ್ದೆಯಾಗುತ್ತದೆ, ಬುಟ್ಟಿಯಲ್ಲಿ ಗಾಳಿ ಆಡುತ್ತದೆ. ಆದರೂ ಸಿಮೆಂಟ್ ನೆಲದ ಮೇಲೆ ನೇರ ಇಡಬೇಡಿ, ಎರಡು ಇಟ್ಟಿಗೆ ಕೊಡಿ. ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಕಬ್ಬಿಣದ ಚೂರು, ಇದ್ದಿಲು ಹಾಕುವ ರೂಢಿಯಿದೆ. ಹಾಕಿದರೆ ನಷ್ಟವೇನಿಲ್ಲ, ಆದರೆ ಮಳೆಗಾಲದ ಮೊಟ್ಟೆಗೆ ನಿಜವಾದ ಶತ್ರು ತೇವ. ಕಡೂರಿನ ಬಯಲಲ್ಲಿ ಮಾರ್ಚ್-ಏಪ್ರಿಲ್‌ನ ತೊಂದರೆ ಇದಕ್ಕೆ ತದ್ವಿರುದ್ಧ: ಗಾಳಿ ಒಣಗಿ ಚಿಪ್ಪಿನೊಳಗಿನ ಪೊರೆ ಬಿಗಿಯಾಗುತ್ತದೆ, ಮರಿ ಕೊಕ್ಕು ತೂರಿಸಿಯೂ ಹೊರಗೆ ಬರಲಾರದೆ ಸಾಯುತ್ತದೆ. ಅಲ್ಲಿ ಇಟ್ಟಿಗೆ ಬೇಡ. ಮಣ್ಣಿನ ನೆಲದ ಮೇಲೇ ಬುಟ್ಟಿ ಇಟ್ಟು, ಕಾವಿಗಿಟ್ಟ 18ನೇ ದಿನದಿಂದ ಸುತ್ತಲ ಮಣ್ಣಿಗೆ ದಿನಾ ನೀರು ಚಿಮುಕಿಸಿ. ಮೊಟ್ಟೆಗಲ್ಲ, ಮಣ್ಣಿಗೆ.

ಈ ಅಳತೆಯ ಬುಟ್ಟಿಗೆ, ಒಂದು ಸಾಧಾರಣ ಹ್ಯಾಟೆಗೆ, ನಾಟಿ ಮೊಟ್ಟೆ 10-12 ಸರಿ. ಗಿರಿರಾಜ ತಳಿಯ ಕೋಳಿಯಂಥ ದಪ್ಪ ಮೊಟ್ಟೆಯಾದರೆ ಎಂಟೇ ಸಾಕು. ಹೊರಗೆ ಇಣುಕುವ ಮೊಟ್ಟೆ ಒಂದೇ ಆದರೂ ಹೊರಳಿಸುವಾಗ ಸರದಿಯಂತೆ ಎಲ್ಲವೂ ಅಂಚಿಗೆ ಬಂದು ತಣ್ಣಗಾಗುತ್ತವೆ. ಇಟ್ಟು ಏಳು ದಿನ ದಾಟಿದ ಮೊಟ್ಟೆ ಬೇಡ, ತೊಳೆದದ್ದಂತೂ ಬೇಡವೇ ಬೇಡ. ಅಂಗಡಿಯ ಫಾರಂ ಮೊಟ್ಟೆಗೆ ಹುಂಜ ಸೇರಿರುವುದಿಲ್ಲ, ಅದು ಎಷ್ಟು ಕಾವು ಕೊಟ್ಟರೂ ಗೊಡ್ಡೇ.

ಕೋಳಿಯನ್ನು ಹೊಸ ಬುಟ್ಟಿಗೆ ಹಗಲಲ್ಲಿ ಎತ್ತಿ ಹಾಕಿದರೆ ಹಳೇ ಜಾಗಕ್ಕೇ ಓಡುತ್ತದೆ. ಕತ್ತಲಾದ ಮೇಲೆ ಸಾಗಿಸಿ, ಎರಡು ದಿನ ಬೇಡದ ಮೊಟ್ಟೆ ಮೇಲೆ ಕೂರಿಸಿ, ಗಟ್ಟಿ ಕೂತಿತು ಅಂದ ಮೇಲೆ ಒಳ್ಳೆಯವನ್ನು ಎಲ್ಲಾ ಒಟ್ಟಿಗೆ ಇಡಿ. ಪ್ರತಿಯೊಂದಕ್ಕೂ ಪೆನ್ಸಿಲ್ ಗುರುತು ಹಾಕಿ, ಬೇರೆ ಕೋಳಿ ಬಂದು ಇಟ್ಟು ಹೋದದ್ದನ್ನು ದಿನಾ ತೆಗೆಯಬಹುದು. 7ನೇ ರಾತ್ರಿ ಮೊಬೈಲ್ ಟಾರ್ಚ್ ಹಿಡಿದಾಗ ಕೆಂಪು ನರ ಕಾಣದೆ ತಿಳಿಯಾಗಿರುವುದನ್ನು ಹೊರಗಿಡಿ. 18ರ ನಂತರ ಮುಟ್ಟಬೇಡಿ, 21ಕ್ಕೆ ಮರಿ. ದಿನಕ್ಕೊಮ್ಮೆ 15-20 ನಿಮಿಷ ಕೋಳಿ ಎದ್ದು ಮೇಯಬೇಕು. ತಾನಾಗಿ ಏಳದಿದ್ದರೆ ಎತ್ತಿ, ಆದರೆ ಮೊದಲು ರೆಕ್ಕೆ ಸರಿಸಿ ನೋಡಿ, ಕಂಕುಳಲ್ಲಿ ಮೊಟ್ಟೆ ಸಿಕ್ಕಿಕೊಂಡಿರುತ್ತದೆ.

ಬಿದಿರ ದೊಡ್ಡ ಕೊರತೆ ಹೇನು. ಹೆಣಿಗೆಯ ಸಂದಿಯಲ್ಲಿ ಹಗಲೆಲ್ಲ ಅಡಗಿದ್ದು ರಾತ್ರಿ ಕೋಳಿಯ ರಕ್ತ ಹೀರುವ ಕೆಂಪು ಹುಳು ಹೆಚ್ಚಾದರೆ ಎಂಥ ಹ್ಯಾಟೆಯೂ ಮೊಟ್ಟೆ ಬಿಟ್ಟೇಳುತ್ತದೆ. ಅಡಿಯ ಬೂದಿ, ಹುಲ್ಲಿನ ಜೊತೆ ಒಂದು ಹಿಡಿ ಲಕ್ಕಿ ಸೊಪ್ಪು ತಕ್ಕಮಟ್ಟಿಗೆ ತಡೆಯುತ್ತವೆ. ಪ್ರತಿ ಸಲ ಮರಿ ಇಳಿಸಿದ ಮೇಲೆ ಹುಲ್ಲು ಸುಟ್ಟು, ಬುಟ್ಟಿಗೆ ಕುದಿಯುವ ನೀರು ಸುರಿದು, ಮೂರು ದಿನ ಬಿಸಿಲಿಗಿಡಿ. ಪ್ಲಾಸ್ಟಿಕ್ಕನ್ನು ಒರೆಸಿದರೆ ಮುಗಿಯಿತು, ಇಷ್ಟು ಮಾತ್ರ ಅದರ ಪರವಾಗಿ ಹೇಳಬಹುದು. ಬಳಸದ ತಿಂಗಳುಗಳಲ್ಲಿ ಒಲೆಯ ಮೇಲೆ ಹೊಗೆ ತಾಗುವಲ್ಲಿ ನೇತುಹಾಕಿದರೆ ಕುಟ್ಟೆ ಹಿಡಿಯುವುದಿಲ್ಲ.

ಜೊತೆಗೆ ಮಾರುವ ಗಂಟೆಯಾಕಾರದ ಪಂಜರವನ್ನೂ ಕೊಳ್ಳಿ ಅನ್ನುತ್ತಾರೆ. ಹಗಲಲ್ಲಿ ಹದ್ದು, ಕಾಗೆಯಿಂದ ಮರಿ ಕಾಯಲು ಅದು ಸರಿ, ಮೇಲೊಂದು ಕಲ್ಲು ಹೇರಿದರಾಯಿತು. ರಾತ್ರಿಗೆ ನಂಬಬೇಡಿ. ಹೆಗ್ಗಣ ಅಡಿಯಿಂದ ಮಣ್ಣು ಕೆದರಿ ನುಗ್ಗುತ್ತದೆ, ಬಿದಿರನ್ನೂ ಕಡಿಯುತ್ತದೆ. ಕತ್ತಲಾಗುವ ಮೊದಲು ತಾಯಿ, ಮರಿ ಎಲ್ಲವನ್ನೂ ಬಾಗಿಲಿರುವ ಒಡ್ಡಿಗೆ (ಕೋಳಿಗೂಡಿಗೆ) ಸೇರಿಸಿ.