ಆರು ಬಾಟಲಿ ವೈನ್ ಸಾಲಾಗಿಟ್ಟು ಉಲ್ಟಾ ಕುಡಿದಿದ್ದು

ಡ್ರೈ ವೈನ್ ಅಂದ್ರೆ ಹುಳಿ ವೈನ್ ಅಂತ್ಲೇ ನಾನು ಇಷ್ಟು ವರ್ಷ ನಂಬ್ಕೊಂಡಿದ್ದೆ, ಯಾರಾದ್ರೂ ಗ್ಲಾಸ್ ಕೊಟ್ರೆ ಒಂದ್ ಗುಟುಕು ಕುಡ್ದು ಮುಖ ಕಿವುಚ್ಕೊಂಡು "ಡ್ರೈ ಇದೆ ಕಣೋ" ಅಂತ ಪಕ್ಕಕ್ಕಿಡೋದು. ಹೋದ ವಾರ ನಾವು ನಾಲ್ಕು ಜನ ಸೇರಿ ಆರು ಬಾಟಲಿ ತಂದ್ವಿ. ಮೊಸ್ಕಾಟೊ ದಾಸ್ತಿ, ಪೋರ್ಟ್ (ಎರಡೂ ಸಿಹಿ), ಜರ್ಮನಿಯ ರೀಸ್ಲಿಂಗ್ ಕಾಬಿನೆಟ್, ಎಕ್ಸ್‌ಟ್ರಾ ಡ್ರೈ ಪ್ರೊಸೆಕ್ಕೊ (ಗುಳ್ಳೆ ವೈನ್), ಸೋವಿನ್ಯೋನ್ ಬ್ಲಾಂಕ್ (ಬಿಳಿ, ಡ್ರೈ), ಕ್ಯಾಬರ್ನೆ ಸೋವಿನ್ಯೋನ್ (ಕೆಂಪು, ಡ್ರೈ).

ಸಿಹಿಯಿಂದ ಶುರು ಮಾಡಿದ್ರೆ ನಾಲಿಗೆ ನಿಧಾನಕ್ಕೆ ಒಗ್ಗುತ್ತೆ ಅನ್ನೋದು ನಂದೇ ಐಡಿಯಾ. ಪೂರ್ತಿ ತಪ್ಪು. ಮೊಸ್ಕಾಟೊ, ಪೋರ್ಟ್ ಆದ್ಮೇಲೆ ಸೋವಿನ್ಯೋನ್ ಬ್ಲಾಂಕ್ ಬಾಯಿಗಿಟ್ರೆ ಬರೀ ನಿಂಬೆಹಣ್ಣು ಹಿಂಡಿದ ನೀರು, ಕ್ಯಾಬರ್ನೆ ಅಂತೂ ಯಾರೂ ಎರಡನೇ ಗುಟುಕು ಕುಡೀಲಿಲ್ಲ. ಎಲ್ಲಾದಕ್ಕೂ ಮುಚ್ಚಳ ಹಾಕಿ ಫ್ರಿಜ್ಜಲ್ಲಿಟ್ಟು ಮಾರನೇ ದಿನ ಡ್ರೈಯಿಂದ ಶುರು ಮಾಡಿ ಸಿಹಿ ಕಡೆಗೆ ಬಂದ್ವಿ. ಅದೇ ಬಾಟಲಿ, ಅದೇ ಗ್ಲಾಸು, ರುಚಿ ಮಾತ್ರ ಬೇರೆ! ಪ್ರೊಸೆಕ್ಕೊದ ಗುಳ್ಳೆ ಅಷ್ಟೊತ್ತಿಗೆ ಇಳ್ದುಹೋಗಿತ್ತು, ಅದು ನಮ್ಮ ತಪ್ಪಿಗೆ ದಂಡ.

ಸೋವಿನ್ಯೋನ್ ಬ್ಲಾಂಕ್ ಮೂಸಿದ್ರೆ ಹಣ್ಣಿನ ಘಮ ಎಷ್ಟಿದೆ ಅಂದ್ರೆ ಸಿಹಿ ಅಂತ ಆಣೆ ಮಾಡ್ಬಹುದು. ಮೂಗು ಒತ್ತಿ ಹಿಡ್ಕೊಂಡು ಕುಡ್ದು ನೋಡಿ, ಘಮ ಮಾಯ, ಸಕ್ಕರೆ ಸುಳಿವೇ ಇಲ್ಲ, ಹುಳಿ ಮಾತ್ರ ನಿಲ್ಲುತ್ತೆ. ಡ್ರೈ ಅಂದ್ರೆ ದ್ರಾಕ್ಷಿಯ ಸಕ್ಕರೆನೆಲ್ಲ ಯೀಸ್ಟ್ ತಿಂದು, ಆಲ್ಕೋಹಾಲ್ ಮಾಡಿ ಹೆಚ್ಚುಕಮ್ಮಿ ಮುಗಿಸಿದೆ ಅಂತ ಅಷ್ಟೇ, ಯುರೋಪಿನ ಲೆಕ್ಕದಲ್ಲಿ ಸಾಮಾನ್ಯವಾಗಿ ಲೀಟರ್‌ಗೆ 4 ಗ್ರಾಂ ಒಳಗೆ. ಹುಳಿ ಬೇರೆ ವಿಷ್ಯ. ಒಗರು ಇನ್ನೂ ಬೇರೆ, ಅದು ಗೊತ್ತಾಗಿದ್ದು ಕ್ಯಾಬರ್ನೆಯಲ್ಲಿ. ದ್ರಾಕ್ಷಿ ಸಿಪ್ಪೆ, ಬೀಜದಿಂದ ಬರೋ ಟ್ಯಾನಿನ್ ಅನ್ನೋ ಒಗರಿನ ಅಂಶ ಎಂಜಲಿನ ಪ್ರೋಟೀನ್‌ಗೆ ಅಂಟ್ಕೊಳುತ್ತೆ, ಅದಕ್ಕೇ ಕೆನ್ನೆ ಒಳಭಾಗ ವಸಡಿಗೆ ಅಂಟಿದ ಹಾಗೆ, ನಾಲಿಗೆ ಒರಟು ಬಟ್ಟೆ ಆದ ಹಾಗೆ. ಬಾಯಿ ಒಣಗೋದನ್ನ ಜನ ಡ್ರೈ ಅಂತಾರೆ, ನಾನೂ ಅಂತಿದ್ದೆ. ಫ್ರಿಜ್ಜಿಂದ ತೆಗ್ದು ಅರ್ಧ ಗಂಟೆ ಹೊರಗಿಟ್ಟ ಮೇಲೆ ಸ್ವಲ್ಪ ಮೆತ್ತಗಾಯ್ತು, ತಣ್ಣಗಿದ್ರೆ ಒಗರು ಎದ್ದು ಕಾಣುತ್ತೆ.

ಪ್ರೊಸೆಕ್ಕೊ ಬಗ್ಗೆ ಒಂದೇ ದೂರು, ಹೆಸರು. ಗುಳ್ಳೆ ವೈನ್‌ನಲ್ಲಿ ಲೇಬಲ್ ಮೇಲೆ ಬ್ರೂಟ್ ಅಂತಿದ್ರೆ ಲೀಟರ್‌ಗೆ ಸಕ್ಕರೆ 12 ಗ್ರಾಂ ಒಳಗೆ, ಎಕ್ಸ್‌ಟ್ರಾ ಡ್ರೈ ಅಂದ್ರೆ 12ರಿಂದ 17. ಅಂದ್ರೆ ಎಕ್ಸ್‌ಟ್ರಾ ಡ್ರೈ ಅನ್ನೋದೇ ಜಾಸ್ತಿ ಸಿಹಿ. ಈ ಹೆಸರಿಟ್ಟೋರು ಯಾರೋ ಪುಣ್ಯಾತ್ಮರು.

ನನ್ನ ಮಟ್ಟಿಗೆ ಗೆದ್ದಿದ್ದು ರೀಸ್ಲಿಂಗ್. ಬಾಯಿಗಿಟ್ಟ ತಕ್ಷಣ ಸಿಹಿ, ನುಂಗೋಷ್ಟ್ರಲ್ಲಿ ಹುಳಿ ಬಂದು ಅದನ್ನ ಗುಡಿಸ್ಕೊಂಡು ಹೋಗ್ಬಿಡುತ್ತೆ, ಬಾಯಿ ಖಾಲಿ, ಇನ್ನೊಂದ್ ಗುಟುಕು ಬೇಕು. ನಮ್ಮಲ್ಲೊಬ್ಬ ಇದು ಡ್ರೈ ಅಂತ ಬೆಟ್ ಕಟ್ಟಿ ಸೋತ. ರೀಸ್ಲಿಂಗಲ್ಲಿ ಡ್ರೈ ಕೂಡ ಬರುತ್ತೆ, ಲೇಬಲ್ ಮೇಲೆ ಟ್ರೋಕನ್ ಅಂತಿದ್ರೆ ಅದು ಡ್ರೈ. ಇಲ್ದಿದ್ರೆ ಆಲ್ಕೋಹಾಲ್ ನೋಡಿ, ನಮ್ಮದರಲ್ಲಿ 8.5% ಇತ್ತು, ಇಷ್ಟು ಕಮ್ಮಿ ಇದ್ರೆ ಸಕ್ಕರೆ ಒಳಗೇ ಉಳಿದಿರೋ ಚಾನ್ಸ್ ಜಾಸ್ತಿ.

ಈ ಲೆಕ್ಕ ಪೋರ್ಟ್‌ಗೆ ನಡಿಯಲ್ಲ. ಹುದುಗ್ತಾ ಇರುವಾಗ್ಲೇ ಮಧ್ಯದಲ್ಲಿ ದ್ರಾಕ್ಷಿ ಸ್ಪಿರಿಟ್ ಸುರೀತಾರೆ, ಯೀಸ್ಟ್ ಸಾಯುತ್ತೆ, ಸಕ್ಕರೆ ಉಳಿಯುತ್ತೆ, ಆಲ್ಕೋಹಾಲ್ 20% ಆಸುಪಾಸು. ಮೊಸ್ಕಾಟೊದಲ್ಲಿ ತಣ್ಣಗೆ ಮಾಡಿ ಫಿಲ್ಟರ್ ಹಾಕಿ ಹುದುಗೋದನ್ನ ನಿಲ್ಲಿಸ್ತಾರೆ, ಆಲ್ಕೋಹಾಲ್ 5% ಚಿಲ್ಲರೆ. ಎರಡರಲ್ಲೂ ಸಕ್ಕರೆ ಲೀಟರ್‌ಗೆ 100 ಗ್ರಾಂ ಆಚೀಚೆ, ಆದ್ರೆ ಒಂದು ಎದೆ ಬೆಚ್ಚಗೆ ಮಾಡುತ್ತೆ, ಇನ್ನೊಂದು ಜ್ಯೂಸ್ ಥರ ಇಳಿಯುತ್ತೆ. ಮೊಸ್ಕಾಟೊ ಅರ್ಧ ಗ್ಲಾಸ್ ಆದ್ಮೇಲೆ ನಂಗೆ ಬೋರ್ ಆಯ್ತು, ಫ್ರೆಂಡ್ಸ್‌ಗೆ ಅದೇ ಫೇವರಿಟ್. ಪೋರ್ಟ್ ಚಿಕ್ಕ ಗ್ಲಾಸಲ್ಲಿ ಸಾಕು.

ರೀಸ್ಲಿಂಗ್ ಆವತ್ತೇ ಖಾಲಿ. ಕ್ಯಾಬರ್ನೆ ಮಾತ್ರ ಇನ್ನೂ ಅರ್ಧ ಉಳ್ದಿದೆ, ಯಾರೂ ಮುಟ್ತಿಲ್ಲ.